ಕರ್ನಲ್ ಸಾಯಬೇಕೆಂದು ತೀರ್ಮಾನಿಸುವವರು ಯಾರು?

ಲಿನಕ್ಸ್ ಕರ್ನಲ್‌ಗೆ ಹೊಸ ಕೋಡ್ ಬರೆಯುವವರು ‘ಬಗ್_ಆನ್’ ಮುಟ್ಟಬಾರದು, ‘ವಾರ್ನ್_ಆನ್_ಒನ್ಸ್’ ಬಳಸಿ ವರದಿ ಬರೆದು ಚೇತರಿಸಿಕೊಳ್ಳುವ ದಾರಿ ಮಾಡಬೇಕು ಎಂಬುದು ನನ್ನ ಪಕ್ಷ. ಕರ್ನಲ್‌ನ ಕೋಡಿಂಗ್ ಶೈಲಿಯ ಕೈಪಿಡಿಯೂ 2022ರಿಂದ ಇದನ್ನೇ ಹೇಳುತ್ತಿದೆ. ಆದರೂ ಈ ಮಾತೆತ್ತಿದರೆ ನುರಿತ ಎಂಜಿನಿಯರುಗಳೇ ಮುನಿಯುತ್ತಾರೆ. ಅವರ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಹಾಗಾಗಿ ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಈ ಒಳಗುಟ್ಟು ಗೊತ್ತಿಲ್ಲದವರಿಗೆ ಎರಡು ಮಾತು. ಬಗ್_ಆನ್, ವಾರ್ನ್_ಆನ್ ಎರಡೂ ಒಂದು ಷರತ್ತನ್ನು ಪರೀಕ್ಷಿಸುತ್ತವೆ. ಹೀಗಾಗಲು ಸಾಧ್ಯವೇ ಇಲ್ಲ ಎಂದು ಬರೆದವನು ನಂಬಿದ್ದು ಆಗಿಯೇಬಿಟ್ಟರೆ, ಬಗ್_ಆನ್ ಆ ಗಳಿಗೆಯಲ್ಲಿ ಓಡುತ್ತಿದ್ದ ಪ್ರಾಸೆಸನ್ನು ಕೊಂದುಹಾಕುತ್ತದೆ; ಇಂಥ ಸಾವಿಗೆ ‘ಊಪ್ಸ್’ ಎಂದು ಹೆಸರು. ವಾರ್ನ್_ಆನ್ ಲಾಗ್‌ನಲ್ಲಿ ವರದಿ ಬರೆದು ಮುಂದೆ ಸಾಗುತ್ತದೆ. ಕೊನೆಗೆ ‘ಒನ್ಸ್’ ಇದ್ದರೆ ಆ ವರದಿ ಒಮ್ಮೆ ಮಾತ್ರ.

ಎದುರಾಳಿಗಳು ಮೊದಲು ಎಳೆದು ತರುವುದು ಯೂನಿಕ್ಸ್‌ನ ಹಳೆಯ ಕಥೆಯನ್ನು. ಯೂನಿಕ್ಸ್‌ಗೂ ಮುಂಚಿನ ಆಪರೇಟಿಂಗ್ ಸಿಸ್ಟಮ್ ಮಲ್ಟಿಕ್ಸ್‌ನ ತಂಡದ ಟಾಮ್ ವ್ಯಾನ್ ವ್ಲೆಕ್, ತಾವು ಬರೆಯುವ ಕೋಡ್‌ನಲ್ಲಿ ಅರ್ಧದಷ್ಟು ದೋಷ ಸಂಭಾಳಿಸುವುದಕ್ಕೇ ಹೋಗುತ್ತದೆ ಎಂದರಂತೆ. ಅದಕ್ಕೆ ಯೂನಿಕ್ಸ್ ಕಟ್ಟಿದವರಲ್ಲೊಬ್ಬರಾದ ಡೆನಿಸ್ ರಿಚಿ, ನಾವು ಅದನ್ನೆಲ್ಲ ಬಿಟ್ಟುಬಿಟ್ಟೆವು, ನಮ್ಮಲ್ಲಿ ‘ಪ್ಯಾನಿಕ್’ ಎಂಬ ಒಂದು ರೂಟೀನ್ ಇದೆ, ಅದು ಓಡಿದರೆ ಯಂತ್ರ ಬೀಳುತ್ತದೆ, ಹಜಾರದತ್ತ ಕೂಗಿ ರೀಬೂಟ್ ಮಾಡಿಸುತ್ತೇವೆ ಎಂದರಂತೆ. ಸರಳತೆಯೇ ಯೂನಿಕ್ಸನ್ನು ಗೆಲ್ಲಿಸಿತು, ನೀವು ಮತ್ತೆ ಮಲ್ಟಿಕ್ಸ್ ಕಟ್ಟಲು ಹೊರಟಿದ್ದೀರಿ ಎನ್ನುವುದು ಆಕ್ಷೇಪ. ಕಥೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಆ ಕಥೆಯಲ್ಲಿ ಒಂದು ಹಜಾರವಿದೆ, ಕೂಗಿದರೆ ಕೇಳಿಸಿಕೊಳ್ಳುವವರಿದ್ದಾರೆ. ಇವತ್ತು ಅದೇ ಪರಂಪರೆಯ ಕರ್ನಲ್ ಜನರ ಜೇಬಿನ ಫೋನಿನಲ್ಲಿದೆ, ಮೊಬೈಲ್ ಟವರಿನ ಬುಡದಲ್ಲಿದೆ, ಬೀಗ ಹಾಕಿದ ಡೇಟಾ ಸೆಂಟರ್‌ನಲ್ಲಿದೆ. ಅಲ್ಲೆಲ್ಲ ಯಾರನ್ನು ಕೂಗುವುದು?

ಎರಡನೆಯ ಆಕ್ಷೇಪಕ್ಕೆ ನಿಜವಾದ ತೂಕವಿದೆ. ಕರ್ನಲ್‌ನ ಒಳಗಿನ ಲೆಕ್ಕ ಒಮ್ಮೆ ತಪ್ಪಿದೆ ಎಂದು ಗೊತ್ತಾದ ಮೇಲೆ ಒಂದು ಹೆಜ್ಜೆ ಮುಂದಿಟ್ಟರೂ ಡಿಸ್ಕ್‌ನ ಮೇಲಿರುವ ಬಳಕೆದಾರರ ಡೇಟಾ ಹಾಳಾಗಬಹುದು, ಆದ್ದರಿಂದ ಅಲ್ಲೇ ನಿಲ್ಲುವುದು ಕ್ಷೇಮ ಎಂಬ ವಾದ. ಇಲ್ಲಿ ಎರಡು ತಪ್ಪು ಗ್ರಹಿಕೆಗಳು ಸೇರಿಕೊಂಡಿವೆ.

ಮೊದಲನೆಯದು, ಬಗ್_ಆನ್ ಯಂತ್ರವನ್ನು ನಿಲ್ಲಿಸುತ್ತದೆ ಎನ್ನುವುದು. ನಿಲ್ಲಿಸುವುದಿಲ್ಲ. ಇಂಟರಪ್ಟ್ ನಡುವೆ ಸಿಡಿದರೆ, ಇಲ್ಲವೇ ಮೊದಲನೆಯ ಪ್ರಾಸೆಸ್ ಸತ್ತರೆ ಪ್ಯಾನಿಕ್ ಆಗುತ್ತದೆ, ನಿಜ. ಉಳಿದ ಕಡೆ ಸಾಮಾನ್ಯವಾಗಿ ಸಾಯುವುದು ಆ ಒಂದು ಪ್ರಾಸೆಸ್ ಮಾತ್ರ. ಅದು ಕೈಯಲ್ಲಿ ಹಿಡಿದಿದ್ದ ಲಾಕ್ ಹಾಗೇ ಉಳಿಯುತ್ತದೆ. ಆ ಲಾಕ್‌ಗಾಗಿ ಕಾಯುವವರೆಲ್ಲ ಎಂದೆಂದಿಗೂ ಕಾಯುತ್ತಾರೆ. ಅದು ಫೈಲ್ ಸಿಸ್ಟಮ್‌ನ ಲಾಕ್ ಆಗಿದ್ದರೆ, ಲಾಗನ್ನು ಡಿಸ್ಕ್‌ಗೆ ಬರೆಯಬೇಕಾದ ಪ್ರೋಗ್ರಾಮೂ ಅದೇ ಸಾಲಿನಲ್ಲಿ ನಿಂತುಬಿಡುತ್ತದೆ. ಏನು ತಪ್ಪಾಯಿತೆಂಬ ವರದಿ ಮೆಮೊರಿಯಲ್ಲೇ ಇರುತ್ತದೆ. ಬೇಸತ್ತ ಬಳಕೆದಾರ ಪವರ್ ಬಟನ್ ಒತ್ತಿ ಹಿಡಿದಾಗ ಅದೂ ಹೋಗುತ್ತದೆ. ದೋಷ ಹಿಡಿಯಲೆಂದು ಬರೆದ ಸಾಲು ತನ್ನ ಸಾಕ್ಷ್ಯವನ್ನು ತಾನೇ ನಾಶಮಾಡಿತು.

ಎರಡನೆಯದು, ಡೇಟಾ ಉಳಿಸಲು ಇಡೀ ಕರ್ನಲ್ ಸಾಯಬೇಕು ಎನ್ನುವುದು. ಡೇಟಾದ ಬಗ್ಗೆ ನಮ್ಮೆಲ್ಲರಿಗಿಂತ ಹೆಚ್ಚು ಚಿಂತಿಸುವ ಫೈಲ್ ಸಿಸ್ಟಮ್ ಬರೆಯುವವರೇ ಏನು ಮಾಡಿದ್ದಾರೆ ನೋಡಿ. ಎಕ್ಸ್‌ಎಫ್‌ಎಸ್ ತನ್ನ ಒಳಗೆ ಗಂಭೀರವಾದ ಅವ್ಯವಸ್ಥೆ ಕಂಡರೆ ಆ ಫೈಲ್ ಸಿಸ್ಟಮನ್ನಷ್ಟೇ ಮುಚ್ಚುತ್ತದೆ. ಬಿಟಿಆರ್‌ಎಫ್‌ಎಸ್ ಓದಲು ಮಾತ್ರ ಎಂಬ ಸ್ಥಿತಿಗೆ ಸರಿಯುತ್ತದೆ. ಎಕ್ಸ್ಟ್4 ಅಂತೂ ಮುಂದುವರಿಯಬೇಕೇ, ಓದಲು ಮಾತ್ರ ಆಗಬೇಕೇ, ಪ್ಯಾನಿಕ್ ಆಗಬೇಕೇ ಎಂಬ ಮೂರು ಆಯ್ಕೆಗಳನ್ನು ಡಿಸ್ಕ್‌ನ ಒಡೆಯನ ಕೈಗೇ ಕೊಟ್ಟಿದೆ. ಕೆಟ್ಟ ಭಾಗವನ್ನು ಬೇರ್ಪಡಿಸುವುದು ಸಾಧ್ಯವಿರುವಾಗ ಇಡೀ ಯಂತ್ರವನ್ನು ಬಲಿಕೊಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

2016ರ ಅಕ್ಟೋಬರ್‌ನಲ್ಲಿ 4.8ನೇ ಆವೃತ್ತಿ ಹೊರಬಿದ್ದ ಬೆನ್ನಿಗೇ ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಸಿಟ್ಟಿಗೆದ್ದದ್ದು ಇದೇ ವಿಚಾರಕ್ಕೆ. ಮೆಮೊರಿ ನಿರ್ವಹಣೆಯ ಕೋಡ್‌ನ ಒಂದು ದೋಷವನ್ನು ಸರಿಪಡಿಸಲೆಂದು ಕೊನೇ ಗಳಿಗೆಯಲ್ಲಿ ಬಂದ ತೇಪೆಯೊಳಗೇ ಬಗ್_ಆನ್ ಥರದ ಒಂದು ಪರೀಕ್ಷೆ ಇತ್ತು. ಅದು ಅವರ ಯಂತ್ರವನ್ನೇ ಕೆಡವಿತು.

ಮೂರನೆಯ ಗುಂಪಿನವರದು ಮನುಷ್ಯ ಸ್ವಭಾವದ ವಾದ: ಎಚ್ಚರಿಕೆಗಳನ್ನು ಯಾರೂ ಓದುವುದಿಲ್ಲ, ಯಂತ್ರ ಬಿದ್ದರಷ್ಟೇ ದೂರು ಬರುತ್ತದೆ. ಮನೆಯ ಲ್ಯಾಪ್‌ಟಾಪ್ ಬಳಸುವವನು ಲಾಗ್ ತೆರೆದು ಕೂರುವುದಿಲ್ಲ ಎಂಬುದು ಸತ್ಯವೇ. ಅದಕ್ಕೇ ಓದುವ ಕೆಲಸವನ್ನು ಯಂತ್ರಕ್ಕೆ ವಹಿಸಿ ಬಹಳ ಕಾಲವಾಯಿತು. ಆರ್ಯಾನ್ ವಾನ್ ಡಿ ವೆನ್ ನಡೆಸುತ್ತಿದ್ದ ‘ಕರ್ನಲ್ ಊಪ್ಸ್’ ಯೋಜನೆ ಬಳಕೆದಾರರ ಒಪ್ಪಿಗೆ ಪಡೆದು ಇಂಥ ವರದಿಗಳನ್ನು ಒಂದೆಡೆ ಸೇರಿಸಿತು. ಗೂಗಲ್‌ನ ‘ಸಿಜ್‌ಬಾಟ್’ ಹಗಲೂ ರಾತ್ರಿ ಕರ್ನಲ್‌ಗೆ ಅಡ್ಡಾದಿಡ್ಡಿ ಸಿಸ್ಟಮ್ ಕಾಲ್‌ಗಳನ್ನು ಎಸೆದು, ಒಂದೇ ಒಂದು ವಾರ್ನ್ ಕಂಡರೂ ದೋಷವೆಂದು ದಾಖಲಿಸಿ ಸಂಬಂಧಪಟ್ಟವರ ಇನ್‌ಬಾಕ್ಸ್‌ಗೆ ತಳ್ಳುತ್ತದೆ.

ಆ ವರದಿಯಾದರೂ ಎಂಥದ್ದು? ಒಮ್ಮೆ ಹತ್ತಿರದಿಂದ ನೋಡಬೇಕು. ಮೇಲೆ ಗೀಟುಗಳ ನಡುವೆ ‘ಕಟ್ ಹಿಯರ್’ ಎಂದಿರುತ್ತದೆ, ಇಲ್ಲಿಂದ ಕತ್ತರಿಸಿ ಕಳಿಸು ಎಂಬ ಸೂಚನೆ. ಮುಂದಿನ ಸಾಲಿನಲ್ಲಿ ಎಷ್ಟನೇ ಸಿಪಿಯು, ಪ್ರಾಸೆಸ್ ಸಂಖ್ಯೆ, ಯಾವ ಫೈಲಿನ ಎಷ್ಟನೇ ಸಾಲು, ಆ ಫಂಕ್ಷನ್‌ನ ಎಷ್ಟು ಬೈಟ್ ಒಳಗೆ. ಆಮೇಲೆ ಲೋಡ್ ಆಗಿರುವ ಮಾಡ್ಯೂಲ್‌ಗಳು, ಕರ್ನಲ್ ಆವೃತ್ತಿ, ಹಾರ್ಡ್‌ವೇರ್ ಹೆಸರು, ರಿಜಿಸ್ಟರ್‌ಗಳಲ್ಲಿದ್ದ ಬೆಲೆಗಳು. ಕೊನೆಗೆ ಕಾಲ್ ಟ್ರೇಸ್, ಅಂದರೆ ಯಾರು ಯಾರನ್ನು ಕರೆದು ಇಲ್ಲಿಗೆ ಬಂದರು ಎಂಬ ವಂಶಾವಳಿ. ಅದರಲ್ಲೂ ಕೆಲವು ಹೆಸರುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಸ್ಟ್ಯಾಕ್‌ನಲ್ಲಿ ಸಿಕ್ಕಿತು, ಆದರೆ ಈ ಕರೆಗೇ ಸೇರಿದ್ದೆಂದು ಹೇಳಲಾರೆ ಎಂದು ಕರ್ನಲ್ ತಾನೇ ಹೇಳಿಕೊಳ್ಳುತ್ತದೆ. ಜೊತೆಗೆ ‘ಟೇಂಟ್’ ಗುರುತಿಗೆ ಡಬ್ಲ್ಯೂ ಅಕ್ಷರ ಸೇರುತ್ತದೆ. ಅನಂತರ ಬೇರೇನಾದರೂ ಕೆಟ್ಟರೆ, ಇದಕ್ಕೂ ಮುಂಚೆ ಒಂದು ಎಚ್ಚರಿಕೆ ಬಂದಿತ್ತೆಂದು ಆ ಗುರುತೇ ಹೇಳುತ್ತದೆ. ಇಷ್ಟನ್ನೂ ಡಿಸ್ಕ್‌ಗೆ ಬರೆಯಲು ಯಂತ್ರ ಬದುಕಿರಬೇಕು. ಡೆಸ್ಕ್‌ಟಾಪ್‌ನ ಪರದೆ ಹೆಪ್ಪುಗಟ್ಟಿದಾಗ ಪ್ಯಾನಿಕ್ ಸಂದೇಶವನ್ನಾದರೂ ತೋರಿಸುವ ‘ಡಿಆರ್‌ಎಂ ಪ್ಯಾನಿಕ್’ ಸೌಲಭ್ಯ ಬಂದದ್ದೇ 2024ರ 6.10ನೇ ಆವೃತ್ತಿಯಲ್ಲಿ.

ಭದ್ರತೆಯ ಕಡೆಯವರು ಬೇರೆ ದಿಕ್ಕಿನಿಂದ ಬರುತ್ತಾರೆ. ದಾಳಿಕೋರ ಒಳಗಿದ್ದಾನೆಂಬ ಅನುಮಾನ ಬಂದರೆ ತಕ್ಷಣ ಸಾಯುವುದೇ ಲೇಸು ಎನ್ನುತ್ತಾರೆ. ಅವರ ಭಯ ನ್ಯಾಯವಾದದ್ದು, ಆದರೆ ಅದಕ್ಕೆ ಮದ್ದು ಬಗ್_ಆನ್ ಅಲ್ಲ. ಒಂದು ಪ್ರಾಸೆಸ್ ಹೀಗೆ ಅರ್ಧದಲ್ಲಿ ಸತ್ತಾಗ ಅದು ಹಿಡಿದಿದ್ದ ರೆಫರೆನ್ಸ್ ಎಣಿಕೆ, ಅಂದರೆ ಒಂದು ವಸ್ತುವನ್ನು ಎಷ್ಟು ಮಂದಿ ಬಳಸುತ್ತಿದ್ದಾರೆಂಬ ಲೆಕ್ಕ, ಇಳಿಯುವುದೇ ಇಲ್ಲ. ಬೇಕೆಂದೇ ಮತ್ತೆ ಮತ್ತೆ ಹಾಗೆ ಸಾಯಿಸಿ ಆ ಎಣಿಕೆ ತುಂಬಿ ಸೊನ್ನೆಗೆ ಮರಳಿ, ಇನ್ನೂ ಬಳಕೆಯಲ್ಲಿರುವ ಮೆಮೊರಿ ಬಿಡುಗಡೆಯಾಗುವಂತೆ ಮಾಡಬಹುದು ಎಂದು ಗೂಗಲ್‌ನ ಯಾನ್ ಹಾರ್ನ್ ತೋರಿಸಿಕೊಟ್ಟರು. ಅದರ ಫಲವಾಗಿ 6.2ನೇ ಆವೃತ್ತಿಯಲ್ಲಿ ‘ಊಪ್ಸ್_ಲಿಮಿಟ್’ ಬಂತು: 10,000 ಸಲ ಆದರೆ ಪ್ಯಾನಿಕ್. ಅಂದರೆ ಕೊಲ್ಲುವ ಸಾಲೇ ದಾಳಿಗೆ ಮೆಟ್ಟಿಲಾಗಿತ್ತು. ಮೊದಲ ತಪ್ಪಿಗೇ ಯಂತ್ರ ನಿಲ್ಲಬೇಕೆನ್ನುವವರಿಗೆ ‘ಪ್ಯಾನಿಕ್_ಆನ್_ವಾರ್ನ್’ ಎಂಬ ಸ್ವಿಚ್ 3.19ನೇ ಆವೃತ್ತಿಯಿಂದಲೇ ಇದೆ. ಹಾಕಿಕೊಳ್ಳಲಿ. ಬ್ಯಾಂಕಿನ ಸರ್ವರ್‌ನಲ್ಲಿ ಅದು ಬೇಕಾಗಬಹುದು, ಐಸಿಯುನ ಮಾನಿಟರ್‌ನಲ್ಲಿ ಬೇಡವಾಗಬಹುದು. ಯಾವುದೋ ಡ್ರೈವರ್ ಬರೆದವನಿಗೆ ಈ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಇಲ್ಲಿ ಜಾಣರೊಬ್ಬರು ಅಡ್ಡಬರುತ್ತಾರೆ: ಆ ಸ್ವಿಚ್ ಹಾಕಿದವರ ಪಾಲಿಗೆ ವಾರ್ನ್ ಅಂದರೂ ಬಗ್ ಅಂದರೂ ಒಂದೇ ಆಯಿತಲ್ಲ, ಹಾಗಾದರೆ ವಾರ್ನ್ ಕೂಡ ಬರೆಯಬೇಡಿ. ಈ ವಾದದ ಅರ್ಧವನ್ನು ನಾನು ಒಪ್ಪುತ್ತೇನೆ. ಸಾಮಾನ್ಯ ಬಳಕೆದಾರ ತಪ್ಪು ಬೆಲೆ ಕೊಟ್ಟು, ಇಲ್ಲವೇ ಕೆಟ್ಟ ಯುಎಸ್‌ಬಿ ಸಾಧನ ಚುಚ್ಚಿ ವಾರ್ನ್ ಏಳಿಸುವಂತಿದ್ದರೆ ಅದು ಬರೆದವನ ತಪ್ಪು. 2024ರ ಫೆಬ್ರವರಿಯಿಂದ ಕರ್ನಲ್ ತಂಡ ಭದ್ರತಾ ದೋಷಗಳಿಗೆ ತಾನೇ ಸಿವಿಇ ಸಂಖ್ಯೆ ಕೊಡುತ್ತಿದೆ, ಬಳಕೆದಾರ ಏಳಿಸಬಹುದಾದ ವಾರ್ನ್‌ಗೂ ಅಲ್ಲಿ ಸಂಖ್ಯೆ ಸಿಗುತ್ತದೆ. ಅಂಥ ಕಡೆ ದೋಷದ ಕೋಡ್ ಹಿಂದಿರುಗಿಸಬೇಕು, ಹೆಚ್ಚೆಂದರೆ ‘ಪಿಆರ್_ವಾರ್ನ್_ಒನ್ಸ್’ನಿಂದ ಒಂದು ಸಾಲು ಬರೆಯಬೇಕು. ವಾರ್ನ್ ಇರುವುದು ಕರ್ನಲ್‌ನ ಸ್ವಂತ ತಪ್ಪಿಗೆ ಮಾತ್ರ. ಉಳಿದರ್ಧವನ್ನು ಒಪ್ಪಲಾರೆ. ಸ್ವಿಚ್ ಹಾಕಿದವರು ಬೆಲೆ ಗೊತ್ತಿದ್ದೇ ಹಾಕಿದ್ದಾರೆ. ಅವರಿಗಾಗಿ ಉಳಿದವರ ವರದಿ ಕಸಿಯುವುದು ಯಾವ ನ್ಯಾಯ?

ಚೇತರಿಕೆಯ ಕೋಡ್ ಎಂದೂ ಓಡುವುದಿಲ್ಲ, ಪರೀಕ್ಷೆಯೂ ಆಗುವುದಿಲ್ಲ ಎಂಬ ಗೊಣಗಾಟಕ್ಕೆ ಹೆಚ್ಚು ಜಾಗ ಬೇಡ. ಬಹುಪಾಲು ಅದು ಷರತ್ತಿನೊಳಗೆ ವಾರ್ನ್_ಆನ್_ಒನ್ಸ್, ಕೆಳಗೆ ಒಂದು ರಿಟರ್ನ್, ಅಷ್ಟೆ. 2021ರಲ್ಲಿ ರಸ್ಟ್ ಭಾಷೆಯನ್ನು ಕರ್ನಲ್‌ಗೆ ತರುವ ಮೊದಲ ಪ್ರಸ್ತಾಪ ಬಂದಾಗ, ಮೆಮೊರಿ ಸಿಗದಿದ್ದರೆ ಪ್ಯಾನಿಕ್ ಎಂಬ ಅದರ ನಡೆಗೆ ಟೋರ್ವಾಲ್ಡ್ಸ್ ಖಡಾಖಂಡಿತವಾಗಿ ಬೇಡವೆಂದರು. ರಸ್ಟ್‌ನವರು ಭಾಷೆಯ ಲೈಬ್ರರಿಯ ಆ ಭಾಗವನ್ನೇ ಬದಲಿಸಿ ದೋಷವನ್ನು ಕರೆದವರಿಗೆ ಹಿಂದಿರುಗಿಸುವಂತೆ ಮಾಡಿದರು. ಅಷ್ಟು ದೊಡ್ಡ ಕೆಲಸ ಅವರಿಂದಾಯಿತೆಂದರೆ ನಿಮ್ಮಿಂದ ಒಂದು ರಿಟರ್ನ್ ಬರೆಯುವುದಾಗದೇ?

ಕೊನೆಗೆ ಉಳಿದದ್ದು ವಿಂಡೋಸ್‌ನ ಉದಾಹರಣೆ. ಅಲ್ಲಿ ಕರ್ನಲ್ ಮೋಡ್‌ನಲ್ಲಿ ತಪ್ಪಾದರೆ ಇಡೀ ಯಂತ್ರವೇ ಬೀಳುತ್ತದೆ, ಚರ್ಚೆಯಿಲ್ಲ, ಆದರೂ ಜಗತ್ತು ನಡೆದಿದೆಯಲ್ಲ ಎನ್ನುತ್ತಾರೆ. 2024ರ ಜುಲೈ 19ರಂದು ನಡೆಯಲಿಲ್ಲ. ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಡ್ರೈವರ್ ಹೊಸ ಸಂರಚನಾ ಕಡತವೊಂದನ್ನು ಓದುವಾಗ ಗಡಿ ದಾಟಿ ಮೆಮೊರಿ ಓದಿತು. ಸುಮಾರು 85 ಲಕ್ಷ ಯಂತ್ರಗಳು ಬಿದ್ದವು, ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಏರುಪೇರಾಯಿತು. ಅಂಥ ಓದಿನ ನಂತರ ವಿಂಡೋಸ್‌ಗೆ ಸಾಯದೆ ಬೇರೆ ದಾರಿ ಇರಲಿಲ್ಲ ಎಂದು ನಾನೂ ಹೇಳುತ್ತೇನೆ. ಲಿನಕ್ಸ್ ಕೂಡ ಅಲ್ಲಿ ಊಪ್ಸ್ ಹೊಡೆಯುತ್ತಿತ್ತು. ನೋಡಬೇಕಾದದ್ದು ಮುಂದಿನದ್ದನ್ನು. ತಪ್ಪು ಕಡತವನ್ನು ಕಂಪನಿ ಒಂದೂವರೆ ಗಂಟೆಯೊಳಗೇ ಹಿಂತೆಗೆದುಕೊಂಡಿತು. ಆದರೆ ಬೂಟ್ ಆಗುತ್ತಲೇ ಸಾಯುತ್ತಿದ್ದ ಯಂತ್ರಗಳಿಗೆ ಸರಿಯಾದ ಕಡತ ತಲುಪುವ ದಾರಿ ಬಹುಪಾಲು ಮುಚ್ಚಿಹೋಗಿತ್ತು. ಒಬ್ಬೊಬ್ಬ ಸಿಬ್ಬಂದಿ ಒಂದೊಂದು ಯಂತ್ರದ ಮುಂದೆ ಕೂತು, ಸೇಫ್ ಮೋಡ್‌ಗೆ ಹೋಗಿ, ಡಿಸ್ಕ್‌ಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ಉದ್ದನೆಯ ಕೀಲಿ ಹುಡುಕಿ, ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಆ ಡ್ರೈವರ್ ಓದುವ ಮುನ್ನ ಗಡಿ ಪರೀಕ್ಷಿಸಿ, ಹೊಂದದ ಕಡತ ಬಂದಿದೆ ಎಂದು ಒಂದು ಸಾಲು ಬರೆದು ಅದನ್ನು ಪಕ್ಕಕ್ಕಿಟ್ಟಿದ್ದರೆ, ಸರಿಯಾದ ಕಡತ ಬಂದ ದಾರಿಯಲ್ಲೇ ಮತ್ತೆ ಬರುತ್ತಿತ್ತು.