ಬಿಟ್ಟ ಮನೆಯ ದಾವೆ ಬೆನ್ನು ಹತ್ತಬೇಕೆ?

ಮಾಜಾಳಿಯಲ್ಲಿ ಬಾಡಿಗೆ ಮನೆ ಕೇಳಿಕೊಂಡು ಬರುವವರು ಕಡಿಮೆಯಿಲ್ಲ. ಸರಕಾರಿ ಇಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಖೋಲಿ ಬೇಕು. ಗಡಿ ದಾಟಿ ಗೋವೆಗೆ ದುಡಿಯಲು ಹೋಗುವವರಿಗೆ, ಕಾಳಿ ಹೊಳೆಯಾಚೆ ಕಾರವಾರದಲ್ಲಿ ನೌಕರಿ ಮಾಡುವವರಿಗೆ ಮನೆ ಬೇಕು. ಕೀಲಿ ಕೈ ತೆಗೆಯುವ ಮೊದಲು ಮಾಲಕರು ಕೇಳುವ ಪ್ರಶ್ನೆ ಒಂದೇ: "ಹಿಂದಿನ ಮನೆ ಯಾಕೆ ಬಿಟ್ರಿ?"

ಇದರ ಉತ್ತರ ಈಗ ಬಾಡಿಗೆದಾರನ ಬಾಯಲ್ಲಷ್ಟೇ ಉಳಿದಿಲ್ಲ. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ಹೆಸರು, ವರ್ಷ ಹಾಕಿದರೆ ಸಾಕು, ದಾವೆಗಳ ಯಾದಿ ಮೊಬೈಲಿನಲ್ಲೇ ಬಂದು ಬೀಳುತ್ತದೆ. ನ್ಯಾಯಾಲಯದ ಕೆಲಸ ಜನರ ಕಣ್ಣೆದುರು ನಡೆಯಬೇಕು, ನಿಜ. ಆದರೆ ಯಾದಿ ನೋಡಿದವರು ತೀರ್ಪನ್ನೂ ಓದುತ್ತಾರೆಯೆ? "ಕೋರ್ಟಿಗೆ ಹೋದ ಆಸಾಮಿ, ನಮಗ್ಯಾಕೆ ಉಸಾಬರಿ" ಎಂದು ಬಾಗಿಲು ಹಾಕಿಕೊಂಡರೆ ಮುಗಿಯಿತು.

ಮನೆ ಬಿಡಿಸುವ ದಾವೆ ಬಿದ್ದವರೆಲ್ಲ ಠಕ್ಕರಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಬಾಡಿಗೆ ಬಾಕಿಯೂ ಒಂದು ಕಾರಣ, ಮಾಲಕನಿಗೆ ಸ್ವಂತಕ್ಕೆ ಮನೆ ಬೇಕಾದದ್ದೂ ಒಂದು ಕಾರಣ. ಎರಡನೆಯದರಲ್ಲಿ ಬಾಡಿಗೆದಾರನ ತಪ್ಪೇನು? ಮೇಲಾಗಿ, ತಿಂಗಳ ಬಾಡಿಗೆ ಕಾಯ್ದೆಯ 'ಎ' ಭಾಗದ ಊರುಗಳಲ್ಲಿ 3500, ಉಳಿದೆಡೆ 2000 ರೂಪಾಯಿ ಮೀರಿದರೆ ಆ ಕಾಯ್ದೆಯ ಆಸರೆಯೇ ಇಲ್ಲ. ಆಗ 1882ರ ಸ್ವತ್ತು ಹಸ್ತಾಂತರ ಕಾಯ್ದೆಯೇ ಗತಿ. ಬೇರೆ ಕರಾರು ಇಲ್ಲದಿದ್ದರೆ ತಿಂಗಳ ಬಾಡಿಗೆದಾರನಿಗೆ 15 ದಿನಗಳ ನೋಟೀಸು ಸಾಕು. ಹೀಗೆ ಹೂಡಿದ ದಾವೆ ವಜಾ ಆಗಲಿ, ರಾಜಿಯಾಗಲಿ, ಹೆಸರು ಮಾತ್ರ ಯಾದಿಯಲ್ಲಿ ಉಳಿಯಿತು.

ಕರಾವಳಿಯಲ್ಲಿ ಇನ್ನೊಂದು ತಾಪತ್ರಯವಿದೆ. ನಾಯ್ಕ, ತಾಂಡೇಲ, ಗಾಂವಕರ, ಹರಿಕಂತ್ರ ಎಂಬ ಅಡ್ಡಹೆಸರುಗಳು ಓಣಿಗೆ ಹತ್ತು. ಒಬ್ಬನ ದಾವೆ ಇನ್ನೊಬ್ಬನ ತಲೆಗೆ ಬರಲು ಎಷ್ಟು ಹೊತ್ತು?

ಇದಕ್ಕೆ ದಾರಿ ಇಲ್ಲವೆಂದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ 2016ರಲ್ಲಿ ಮಾಡಿದ ಕಾನೂನಿನಂತೆ, ದಾವೆ ಹೂಡಿದ 60 ದಿನಗಳೊಳಗೆ ಮಾಲಕ ಗೆಲ್ಲದಿದ್ದರೆ ಆ ಕಡತ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ಬಾಡಿಗೆಗೆ ಸಂಬಂಧಿಸದ ಒಂದು ಪ್ರಕರಣದಲ್ಲಿ, ತಂದೆಯೊಬ್ಬರ ಅರ್ಜಿಯ ಮೇಲೆ, ಅವರ ಮಗಳ ಹೆಸರು ಅಂತರಜಾಲದ ಹುಡುಕಾಟಕ್ಕೆ ಸಿಗದಂತೆ ನೋಡಿಕೊಳ್ಳಲು ಕರ್ನಾಟಕ ಹೈಕೋರ್ಟು 2017ರ ಜನವರಿಯಲ್ಲಿ ಆದೇಶಿಸಿತು. ದೃಢೀಕೃತ ನಕಲಿನಲ್ಲಿ ಹೆಸರು ಹಾಗೇ ಉಳಿಯಿತು. ದಾಖಲೆಯೂ ಉಳಿಯಿತು, ಮಾನವೂ ಉಳಿಯಿತು. ಅದೇ ವರ್ಷದ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು.

ಮಾಲಕರ ಭಯವನ್ನೂ ತಳ್ಳಿಹಾಕುವಂತಿಲ್ಲ. ಬಾಡಿಗೆ ಕೊಡುವವರೆಲ್ಲ ಸಾಹುಕಾರರಲ್ಲ. ಗಂಡ ತೀರಿಕೊಂಡ ಹೆಂಗಸು ಹಿತ್ತಲ ಖೋಲಿಯ ಬಾಡಿಗೆಯಲ್ಲೇ ದಿನ ದೂಡುತ್ತಿರಬಹುದು. ಬಾಡಿಗೆ ಮುಳುಗಿಸಿ, ಮನೆ ಹಾಳುಮಾಡಿ, ಡಿಕ್ರಿಯಾದರೂ ಹೊರಡದವರ ದಾಖಲೆ ತೆರೆದೇ ಇರಲಿ. ಅದನ್ನು ಮುಚ್ಚಿದರೆ ಪ್ರಾಮಾಣಿಕ ಬಾಡಿಗೆದಾರನ ಮೇಲೂ ಸಂಶಯ ಬಿದ್ದು, ಡಿಪಾಜಿಟ್ಟು ಏರುತ್ತದೆ ಅಷ್ಟೇ.

ಆದ್ದರಿಂದ ಗೆರೆ ಎಳೆಯಬೇಕಾದದ್ದು ನಡುವೆ. ವಜಾ ಆದ, ಹಿಂತೆಗೆದ, ರಾಜಿಯಾದ ದಾವೆಗಳು, ಮಾಲಕನ ಸ್ವಂತ ಅಗತ್ಯಕ್ಕಾಗಿ ಮನೆ ಬಿಡಿಸಿದ ದಾವೆಗಳು ಹೆಸರಿನ ಹುಡುಕಾಟಕ್ಕೆ ಸಿಗಬಾರದು. ಬಾಕಿ ತೀರಿಸಿದವನ ಹೆಸರು ಗೊತ್ತುಪಡಿಸಿದ ಕೆಲವು ವರ್ಷಗಳ ನಂತರ ಹೋಗಲಿ. ದಾವೆಯ ನಂಬರು ಗೊತ್ತಿರುವ ಪಕ್ಷಗಾರರಿಗೆ, ವಕೀಲರಿಗೆ ಕಡತ ಎಂದಿನಂತೆ ಸಿಗಲಿ. ಕಾಯ್ದೆಗೆ ತಿದ್ದುಪಡಿ ತರುವುದು ಶಾಸಕರ ಕೈಯಲ್ಲಿದೆ. ಕೆಳ ನ್ಯಾಯಾಲಯಗಳ ಮೇಲ್ವಿಚಾರಣೆ ಹೈಕೋರ್ಟಿನದು.

ಸೀಬರ್ಡ್ ಯೋಜನೆಗಾಗಿ ಮನೆಮಠ ಬಿಟ್ಟವರ ತಾಲೂಕಿದು. ಒಮ್ಮೆ ಮನೆ ಬಿಡುವ ಕಷ್ಟ ಏನೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಬಿಟ್ಟ ಮೇಲೂ ಇನ್ನೊಂದು ಮನೆ ಸಿಗದಂತೆ ಮಾಡುವುದು ಯಾವ ನ್ಯಾಯ? ಸಂಬಂಧಪಟ್ಟವರು ಇತ್ತ ಲಕ್ಷ್ಯ ಹಾಯಿಸುವರೆ?