ಬೆಲ್ಲಕ್ಕಿಂತ ಮೊದಲ ನೀರು

ಮಗಳು ಪರೀಕ್ಷಾಕ್ಕ ಇಂಗ್ಲೀಷ್ ಶಬ್ದ ಬಾಯಿಪಾಠ ಮಾಡ್ಲಿಕ್ಕೆ ಹತ್ಯಾಳ. ಮೊನ್ನೆ ಅಡಗಿಮನಿಗೆ ಬಂದು, "ಅಮ್ಮಾ, ಇಡಲ್ಕರೇಟ್ ಅಂದ್ರ ಏನು ಹೇಳು?" ಅಂದ್ಲು. ನನಗ ಇಡ್ಲಿ-ಕ್ಯಾರೆಟ್ ಅಂದಂಗ ಕೇಳಿಸ್ತು. "ನಾಳೆ ನಾಷ್ಟಾಕ್ಕ ಮಾಡೋಣ ತಗೋ" ಅಂದೆ. ಬಿದ್ದು ಬಿದ್ದು ನಕ್ಕಳು.

ಇಂಗ್ಲೀಷ್ ಮಂದೀನೂ ಅಪರೂಪಕ್ಕ ಬಳಸೋ ಕ್ರಿಯಾಪದ ಇದು. ಸಿಹಿ ಮಾಡು ಅಂತ ಅರ್ಥ. ಲ್ಯಾಟಿನ್ ಭಾಷಾದಾಗ ಡುಲ್ಕಿಸ್ ಅಂದ್ರ ಸಿಹಿ, ಅಲ್ಲಿಂದ ಬಂದದ್ದು. ಫ್ರೆಂಚರಲ್ಲೂ ಇದರ ಜೋಡಿ ಶಬ್ದ ಅದ. ಅವರು ಅದನ್ನ ಸಿಹಿ ಮಾಡೋದಕ್ಕೂ ಬಳಸ್ತಾರ, ಖಾರ ತಗದು ಸಪ್ಪಗ ಮಾಡಿ ಹೇಳಿದ ಮಾತಿಗೂ ಬಳಸ್ತಾರ. ಇಷ್ಟ ಆಗಿದ್ರ ನಾ ಬರೀತಿದ್ದಿಲ್ಲ.

ಆದ್ರ ಹಳೇ ಕಾಲದ ರಸಾಯನಶಾಸ್ತ್ರದವರು ಇದಕ್ಕ ಬ್ಯಾರೆ ಅರ್ಥ ಇಟ್ಟಿದ್ರು. ಪಾತ್ರಿ ತಳದಾಗ ಕೂತ ಪುಡಿಯೊಳಗ ಆಸಿಡ್ಡು, ಉಪ್ಪು ಉಳದಿರ್ತಾವಲ್ಲ, ಅದನ್ನ ನೀರು ಹಾಕಿ ತೊಳೀಬೇಕು, ಚೆಲ್ಲಬೇಕು, ಮತ್ತ ಹಾಕಬೇಕು. ಚೆಲ್ಲಿದ ನೀರಿಗೆ ರುಚೀನ ಇಲ್ಲ ಅನ್ನೋತನಕ. ಅದಕ್ಕ ಅವರು ಇಡಲ್ಕರೇಟ್ ಅಂತಿದ್ರು. ಚಿಟಿಕಿ ಸಕ್ಕರಿ ಹಾಕಲಾರದ ಸಿಹಿ ಮಾಡೋದು!

ನಮಗ ಇದು ಹೊಸಾದೇನಲ್ರಿ. ಹಾಗಲಕಾಯಿ ಹೆಚ್ಚಿ, ಉಪ್ಪು ಸವರಿಟ್ಟು, ಹಿಂಡಿ, ತೊಳದ ಮ್ಯಾಲೇ ಬೆಲ್ಲಕ್ಕ ಕೈ ಹಾಕ್ತೀವಿ. ಹಿಂಡಲಾರದ ಬರೇ ಬೆಲ್ಲ ಸುರುವಿದ್ರ ಗೊಜ್ಜು ಮೊದಲ ಸಿಹಿ, ಆಮ್ಯಾಲೆ ಕಹಿ, ಮನ್ಯಾಗ ಯಾರೂ ಎರಡನೇ ಸಲ ಹಾಕಿಸಿಕೊಳ್ಳಂಗಿಲ್ಲ.

ಮಾತಿನ ವಿಷಯ ಬಂದಾಗ ಮಾತ್ರ ನಾವು ಹೆಣ್ಣುಮಕ್ಕಳು ನೀರು ಬಿಟ್ಟು ಬೆಲ್ಲದ ಡಬ್ಬಿ ಹಿಡೀತೀವಿ. "ಹೋಗ್ಲಿ ಬಿಡು, ಸಿಹಿಯಾಗಿ ಮಾತಾಡು" ಅಂತ ನಮಗ ಹೇಳಿಕೊಟ್ಟಾರ, ನಾವೂ ಹೇಳ್ತೀವಿ. ಇದು ತಪ್ಪು ಅಂತ ನನ್ನ ಅಭಿಪ್ರಾಯ.

ಅವ್ವ ಹಾಸಿಗಿ ಹಿಡದಾಗ ಎರಡು ತಿಂಗಳು ನಮ್ಮ ವೈನಿ ಒಬ್ರ ಮಾಡಿದ್ರು. ನಾ ಎರಡು ದಿನ ಹೋಗಿ ಬಂದೆ. ಮಕ್ಕಳ ಪರೀಕ್ಷಾ ಅಂದೆ. ಅವ್ವ ಹೋದ ಮ್ಯಾಲೆ ನಾಲ್ಕು ಸಂಕ್ರಾಂತಿ ಆತು. ನಾಲ್ಕೂ ಸಲ ಇಬ್ರೂ ಕುಸರೆಳ್ಳು ಕೊಟ್ಟು ತಗೊಂಡು, "ಎಳ್ಳು ಬೆಲ್ಲದಂಗ ಇರೋಣ" ಅಂದ್ವಿ. ಆದ್ರ ನಾ ಅಡಗಿಮನಿಗೆ ಹೋದ್ರ ವೈನಿ ಪಡಸಾಲಿಗೆ ಬರೋವರು.

ಈ ಸಲ ಕುಸರೆಳ್ಳಿನ ತಾಟು ಬದಿಗಿಟ್ಟು ಹೇಳಿಬಿಟ್ಟೆ: "ವೈನಿ, ಆವಾಗ ನಾ ಬರಬೇಕಿತ್ತು. ಪರೀಕ್ಷಾ ಒಂದು ನೆವ. ಅವ್ವನ್ನ ಹಂಗ ನೋಡ್ಲಿಕ್ಕೆ ನನಗ ಧೈರ್ಯ ಇದ್ದಿಲ್ಲ."

ಅವರು ಅರ್ಧಾ ತಾಸು ಮಾತಾಡಿದ್ರು. ಎಲ್ಲಾ ಉಪ್ಪು. ರಾತ್ರಿ ಎಷ್ಟು ಸಲ ಎದ್ದಿದ್ರು, ತಮ್ಮ ತವರಿನ ಮದುವಿ ಹೆಂಗ ತಪ್ಪಿತು, ಫೋನಿನ್ಯಾಗ ನಾ ಏನೇನು ಉಪದೇಶ ಮಾಡಿದ್ದೆ, ಒಂದೂ ಬಿಡಲಿಲ್ಲ. ನಡುವ ಬಾಯಿ ಹಾಕಬಾರದು ಅಂತ ಸೆರಗು ಹಿಡಕೊಂಡು ಕೂತಿದ್ದೆ. ಒಂದೆರಡು ಮಾತು ಅನ್ಯಾಯದ್ದೂ ಇದ್ವು. ಅವನ್ನ ಇನ್ನೊಮ್ಮೆ ನೋಡೋಣ.

ಎಲ್ಲಾ ಸರಿಹೋತು ಅಂತ ಹೇಳಂಗಿಲ್ಲ. ಇನ್ನೂ ಎರಡು ಮೂರು ನೀರು ಬೇಕು. ಯುಗಾದಿಗೆ ಮತ್ತ ಹೊಂಟೀನಿ, ಈ ಸಲ ನಾಲ್ಕು ದಿನ ಇರೂ ಹಂಗ.