ದಿನಕ್ಕೆ ಐದು ಸಾಲು ಸಾಕು, ಆದರೆ ದಿನವೂ ಬೇಕು

ಮರಳವಾಡಿ ಕಡೆಯಿಂದ ಹಾರೋಹಳ್ಳಿಯ ಫ್ಯಾಕ್ಟರಿಗಳಿಗೋ, ಇನ್ನೂ ಮುಂದೆ ಬೆಂಗಳೂರಿಗೋ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರನ್ನು ಒಮ್ಮೆ ಕೇಳಿ ನೋಡಿ. ಇಂಗ್ಲಿಷ್ ಅರ್ಥ ಆಗುತ್ತಾ? ಆಗುತ್ತೆ. ಮೀಟಿಂಗ್‌ನಲ್ಲಿ ಹೇಳಿದ್ದು ತಿಳಿಯುತ್ತಾ? ತಿಳಿಯುತ್ತೆ. ಇಂಗ್ಲಿಷ್ ಸಿನಿಮಾ? ಮುಕ್ಕಾಲು ಪಾಲು ಗೊತ್ತಾಗುತ್ತೆ. ಹಾಗಾದ್ರೆ ಇವತ್ತು ಮಷೀನ್ ಯಾಕೆ ನಿಂತಿತ್ತು ಅಂತ ಮ್ಯಾನೇಜರ್‌ಗೆ ಒಂದು ಮೇಲ್ ಬರೆಯಿರಿ ಅಂದ್ರೆ? ಅಲ್ಲಿ ಕೈ ನಿಂತುಬಿಡುತ್ತೆ.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ಎಷ್ಟೋ ಜನರ ಪಾಡು ಇದು. ಇದರ ನಷ್ಟ ಸಣ್ಣದಲ್ಲ. ಕೆಲಸ ಮಾಡೋನು ಒಬ್ಬ, ಅದರ ರಿಪೋರ್ಟ್ ಬರೆಯೋನು ಇನ್ನೊಬ್ಬ. ವರ್ಷದ ಕೊನೆಗೆ ಯಾರಿಗೆ ಪ್ರಮೋಷನ್ ಅಂತ ಯೋಚಿಸುವಾಗ ಮೇಲಿನವರಿಗೆ ನೆನಪಾಗೋದು ರಿಪೋರ್ಟ್‌ನ ಕೆಳಗಿರೋ ಹೆಸರು.

ಇದಕ್ಕೆ ನಾವು ಮಾಡಿಕೊಳ್ಳೋ ಉಪಾಯಗಳು ಗೊತ್ತಿರೋವೇ. ಸ್ಪೋಕನ್ ಇಂಗ್ಲಿಷ್ ಕ್ಲಾಸು, ಬಸ್ಸಿನಲ್ಲಿ ಕೂತು ನೋಡೋ ವಿಡಿಯೋ, ಫೋನಿನಲ್ಲೊಂದು ಆ್ಯಪ್. ಈಗ ಅಂತೂ ಎಐ ಇದೆ, ಕನ್ನಡದಲ್ಲಿ ಹೇಳಿದರೆ ಸಾಕು, ಚೆಂದದ ಇಂಗ್ಲಿಷ್ ಮೇಲ್ ಸಿದ್ಧ. ಮೇಲ್ ಹೋಯ್ತು, ಕೆಲಸ ಆಯ್ತು. ಆದರೆ ನಾಳೆ ಇನ್ನೊಂದು ಮೇಲ್ ಬರೆಯುವಾಗ ನಾವು ನಿನ್ನೆ ನಿಂತಲ್ಲೇ ನಿಂತಿರ್ತೀವಿ.

ಭಾಷೆ ಕಲಿಯೋದರಲ್ಲಿ ಅರ್ಥ ಮಾಡಿಕೊಳ್ಳೋದು ಬೇರೆ, ಕಟ್ಟೋದು ಬೇರೆ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಾಲೆಯಲ್ಲಿ ಪಾಠಗಳನ್ನು ಫ್ರೆಂಚ್‌ನಲ್ಲೇ ಕಲಿಸುವ ವ್ಯವಸ್ಥೆ ಇದೆ. ವರ್ಷಗಟ್ಟಲೆ ಫ್ರೆಂಚ್ ಕೇಳಿದ ಆ ಮಕ್ಕಳಿಗೆ ಅರ್ಥ ಮಾಡಿಕೊಳ್ಳೋದು ಚೆನ್ನಾಗಿ ಬರ್ತಿತ್ತು. ಆದರೆ ಮಾತಾಡುವಾಗ, ಬರೆಯುವಾಗ ವ್ಯಾಕರಣ ಎಡವುತ್ತಿತ್ತು. ಇದನ್ನು ಗಮನಿಸಿದ ಮೆರಿಲ್ ಸ್ವೇನ್ ಎಂಬ ಭಾಷಾತಜ್ಞೆ 1985ರಲ್ಲಿ ಒಂದು ವಾದ ಮುಂದಿಟ್ಟರು: ಕೇಳಿದ್ದು, ಓದಿದ್ದು ಮಾತ್ರ ಸಾಲದು, ಕಲಿಯುವವರು ತಾವೇ ವಾಕ್ಯ ಕಟ್ಟಬೇಕು. ಕಟ್ಟೋಕೆ ಹೊರಟಾಗಲೇ ತಮಗೇನು ಗೊತ್ತಿಲ್ಲ ಅನ್ನೋದು ಅವರ ಕಣ್ಣಿಗೆ ಬೀಳುತ್ತೆ.

ನಮ್ಮ ಉದಾಹರಣೆಯನ್ನೇ ತಗೊಳ್ಳಿ. ಕನ್ನಡದಲ್ಲಿ ಮನೆಯಲ್ಲಿ, ಬಸ್ಸಿನಲ್ಲಿ, ಬೆಂಗಳೂರಿನಲ್ಲಿ, ಎಲ್ಲದಕ್ಕೂ ಒಂದೇ ‘ಅಲ್ಲಿ’. ಇಂಗ್ಲಿಷಿನಲ್ಲಿ ಮನೆಗೆ ‘ಅಟ್’, ಬಸ್ಸಿಗೆ ‘ಆನ್’, ಬೆಂಗಳೂರಿಗೆ ‘ಇನ್’. ಓದುವಾಗ ಈ ಮೂರೂ ಕಣ್ಣಿಂದ ಜಾರಿಹೋಗುತ್ತವೆ, ಯಾಕಂದ್ರೆ ಅವಿಲ್ಲದೆಯೂ ಅರ್ಥ ಆಗುತ್ತೆ. ಬರೆಯುವಾಗ ಮಾತ್ರ ಯಾವುದಾದರೂ ಒಂದನ್ನು ಆರಿಸಲೇಬೇಕು. ಹಾಗೇ, ‘ಆ ವಿಷಯದ ಬಗ್ಗೆ ಚರ್ಚೆ ಮಾಡಿದ್ವಿ’ ಅನ್ನೋ ಅಭ್ಯಾಸದಲ್ಲಿ ‘ಡಿಸ್ಕಸ್ಡ್ ಅಬೌಟ್’ ಅಂತ ಬರೀತೀವಿ. ಇಂಗ್ಲಿಷಿನಲ್ಲಿ ಅಲ್ಲಿ ‘ಅಬೌಟ್’ ಬೇಕಿಲ್ಲ. ‘ನಿನ್ನೆನೇ ಕಳಿಸಿದ್ದೀನಿ’ ಅಂತ ನಾವು ಸರಾಗವಾಗಿ ಹೇಳ್ತೀವಿ. ಅದನ್ನೇ ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ಅಂತ ಬರೆದರೆ ತಪ್ಪು. ‘ಯೆಸ್ಟರ್‌ಡೇ’ ಬಂದ ಮೇಲೆ ಬರೀ ‘ಸೆಂಟ್’ ಸಾಕು. ಇವು ದಡ್ಡತನದ ತಪ್ಪುಗಳಲ್ಲ. ಕನ್ನಡ ಚೆನ್ನಾಗಿ ಬರೋದರಿಂದಲೇ ಆಗುವ ತಪ್ಪುಗಳು. ಕಾಗದದ ಮೇಲೆ ನಾಲ್ಕು ಸಲ ಕಂಡರೆ ಐದನೇ ಸಲ ಕೈಯೇ ತಡೆಯುತ್ತೆ.

ಬೆಂಗಳೂರಿನ ಎಂ.ಜಿ. ರೋಡ್‌ನಲ್ಲಿ ಫರ್ಡಿನೆಂಡ್ ಕಿಟೆಲ್ ಅವರ ಪ್ರತಿಮೆ ಇದೆ. ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದವರು ಅಂತ ಎಲ್ಲರಿಗೂ ಗೊತ್ತು. ಜರ್ಮನಿಯಿಂದ ಬಾಸೆಲ್ ಮಿಷನ್ ಪಾದ್ರಿಯಾಗಿ 1853ರಲ್ಲಿ ಇಲ್ಲಿಗೆ ಬಂದ ಅವರಿಗೆ ಆಗ ಇಪ್ಪತ್ತೊಂದರ ಆಸುಪಾಸಿನ ವಯಸ್ಸು. ಇವತ್ತಿನ ಲೆಕ್ಕದಲ್ಲಿ ಆಗಷ್ಟೇ ಡಿಗ್ರಿ ಮುಗಿಸಿ ಮೊದಲ ಕೆಲಸಕ್ಕೆ ಸೇರಿದ ಹುಡುಗ. ಸುಮಾರು 70,000 ಪದಗಳ ಆ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ. ನಡುವೆ ನಲವತ್ತು ವರ್ಷ.

ಆ ನಲವತ್ತು ವರ್ಷದ ಆರಂಭದಲ್ಲೇ ನಡೆದ ಒಂದು ಸಂಗತಿ ಅಷ್ಟಾಗಿ ಮಾತಿಗೆ ಬರೋದಿಲ್ಲ. 1862ರಲ್ಲಿ, ಅಂದರೆ ಬಂದ ಒಂಬತ್ತು ವರ್ಷಕ್ಕೆ, ಕಿಟೆಲ್ ಏಸುವಿನ ಕಥೆಯನ್ನು ‘ಕಥಾಮಾಲೆ’ ಅನ್ನೋ ಹೆಸರಿನಲ್ಲಿ ಕನ್ನಡ ಪದ್ಯವಾಗಿ ಬರೆದರು. ಅದೂ ಭಾಮಿನಿ ಷಟ್ಪದಿಯಲ್ಲಿ. ಮೂರು ಮಾತ್ರೆ, ನಾಲ್ಕು ಮಾತ್ರೆ ಅಂತ ಎಣಿಸಿ ಕೂರಿಸಬೇಕು, ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಹಿಡಿಯಬೇಕು. ಕನ್ನಡ ಮನೆಮಾತಾದ ನಮ್ಮಲ್ಲಿ ಎಷ್ಟು ಜನ ಆರು ಸಾಲು ಬರೆದೇವು? ಒಂದು ಪದಕ್ಕೆ ಹ್ರಸ್ವವೋ ದೀರ್ಘವೋ, ಒತ್ತಕ್ಷರ ಇದೆಯೋ ಇಲ್ಲವೋ ಅನ್ನೋದು ಅಲ್ಲಿ ಬಾಯಿಮಾತಿನಲ್ಲಿ ತೇಲಿಹೋಗೋದಿಲ್ಲ. ಮಾತ್ರೆ ತಪ್ಪಿದರೆ ಸಾಲೇ ಕುಂಟುತ್ತೆ. ಆಮೇಲೆ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಅವರ ಸಂಪಾದನೆಯಲ್ಲಿ ಬಂದವು. ನಿಘಂಟು ಬಂದದ್ದು ಕೊನೆಗೆ. ಅಂದರೆ ಪೂರ್ತಿ ಕಲಿತ ಮೇಲೆ ಬರೆಯೋಣ ಅಂತ ಅವರು ಕಾಯಲಿಲ್ಲ. ಬರೆಯೋದು ಕಲಿಕೆಯ ಜೊತೆಗೇ ನಡೆಯಿತು.

ಕಿಟೆಲ್ ಒಬ್ಬರೇ ಅಲ್ಲ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಇಬ್ಬರೂ ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದರು. ಮನೆಯಲ್ಲಿ ಆಡದ ಭಾಷೆ ನಮ್ಮದಾಗೋದಿಲ್ಲ ಅನ್ನೋ ಮಾತಿಗೆ ಅರ್ಥವಿಲ್ಲ.

ನಾವೇನೂ ನಿಘಂಟು ಬರೆಯಬೇಕಿಲ್ಲ, ಜ್ಞಾನಪೀಠವೂ ಬೇಡ. ಅರ್ಥ ಆಗುವ ಹಾಗೆ ಒಂದು ಮೇಲ್ ಬರೆಯೋಕೆ ಬಂದರೆ ಸಾಕು. ಅದಕ್ಕೆ ಬೇಕಿರೋದು ದಿನಾ ಒಂದಿಷ್ಟು ಬರೆಯೋ ಅಭ್ಯಾಸ. ರೇಷ್ಮೆ ಸಾಕಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳು ನಾಲ್ಕು ಜ್ವರ ದಾಟಿ ಚಂದ್ರಿಕೆಗೆ ಏರೋವರೆಗೆ ಹೊತ್ತು ಹೊತ್ತಿಗೆ ಸೊಪ್ಪು ಬೀಳಲೇಬೇಕು. ಮದುವೆಗೆ ಹೋಗಬೇಕು ಅಂತ ಮೂರು ದಿನದ ಸೊಪ್ಪನ್ನ ಒಂದೇ ಸಲ ಸುರಿದು ಹೊರಟರೆ ಸೊಪ್ಪು ಬಾಡುತ್ತೆ, ಹುಳುವೂ ಉಳಿಯಲ್ಲ. ಭಾನುವಾರ ಎರಡು ಗಂಟೆ ಕೂತು ನಾಲ್ಕು ಪುಟ ಬರೆದು ಆಮೇಲೆ ಹದಿನೈದು ದಿನ ಮರೆಯೋದು ಅಂಥದ್ದೇ ಲೆಕ್ಕ.

ಹಾಗಾದ್ರೆ ಏನು ಬರೆಯೋದು? ಶಾಲೆಯಲ್ಲಿ ಬರೆಸುತ್ತಿದ್ದ ಕಾಪಿ ನೆನಪಿದೆಯಲ್ಲ? ಅದು ಅಕ್ಷರ ದುಂಡಗಾಗಲು ಸರಿ. ವಾಕ್ಯ ಕಟ್ಟೋದಕ್ಕೆ ಅಷ್ಟು ಸಾಲದು, ಯಾಕಂದ್ರೆ ವಾಕ್ಯವನ್ನು ಕಟ್ಟಿದವರು ಬೇರೆಯವರು. ಇವತ್ತು ಕೆಲಸದಲ್ಲಿ ಏನಾಯ್ತು ಅಂತ ಐದು ಸಾಲು ಬರೆಯಿರಿ. ಯಾವ ಮಷೀನ್ ಕೆಟ್ಟಿತು, ಯಾರು ರಜೆ ಹಾಕಿದ್ರು, ನಾಳೆ ಏನು ಬಾಕಿ ಇದೆ. ನಾಳೆ ನಿಮಗೆ ಬೇಕಾಗೋದು ಇದೇ ಪದಗಳು. ಗೊತ್ತಿಲ್ಲದ ಪದ ಬಂದರೆ ನಿಲ್ಲಬೇಡಿ, ಕನ್ನಡ ಪದವನ್ನೇ ಅಲ್ಲಿ ಹಾಕಿ ಮುಂದೆ ಹೋಗಿ, ಆಮೇಲೆ ಹುಡುಕಿ. ಸಾಧ್ಯವಾದರೆ ಪುಸ್ತಕದಲ್ಲೇ ಬರೆಯಿರಿ. ಫೋನ್ ಮುಂದಿನ ಪದವನ್ನು ತಾನೇ ಸೂಚಿಸುತ್ತೆ, ಸ್ಪೆಲಿಂಗ್ ತಾನೇ ತಿದ್ದುತ್ತೆ. ನಮಗೆ ಗೊತ್ತಿತ್ತೋ ಅದಕ್ಕೆ ಗೊತ್ತಿತ್ತೋ ತಿಳಿಯೋದೇ ಇಲ್ಲ.

ಇನ್ನೊಂದು ದಾರಿ ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆಯಲ್ಲಿದೆ. ಹುಡುಗನಾಗಿದ್ದಾಗ ಆತ ‘ಸ್ಪೆಕ್ಟೇಟರ್’ ಪತ್ರಿಕೆಯ ಒಳ್ಳೆಯ ಲೇಖನ ತಗೊಂಡು, ಪ್ರತಿ ವಾಕ್ಯದ ಭಾವವನ್ನು ಚಿಕ್ಕದಾಗಿ ಟಿಪ್ಪಣಿ ಮಾಡಿ, ಕೆಲವು ದಿನ ಬಿಟ್ಟು, ಟಿಪ್ಪಣಿ ನೋಡಿಕೊಂಡು ಲೇಖನವನ್ನು ಮತ್ತೆ ತಾನೇ ಬರೆದು, ಮೂಲದ ಜೊತೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದ. ನಮಗೆ ಇದು ಇನ್ನೂ ಸಲೀಸು. ಆಫೀಸಿನಲ್ಲಿ ಬಂದ ಒಂದು ಒಳ್ಳೆಯ ಮೇಲ್‌ನ ಸಾರಾಂಶವನ್ನು ಕನ್ನಡದಲ್ಲಿ ಗುರುತು ಹಾಕಿಕೊಳ್ಳಿ. ಎರಡು ದಿನ ಬಿಟ್ಟು ಆ ಕನ್ನಡ ನೋಡಿ ಇಂಗ್ಲಿಷಿನಲ್ಲಿ ಬರೆಯಿರಿ. ಆಮೇಲೆ ಮೂಲ ತೆಗೆದು ಪಕ್ಕದಲ್ಲಿಡಿ. ಎಲ್ಲಿ ಬೇರೆಯಾಯ್ತೋ ಅದೇ ಅವತ್ತಿನ ಪಾಠ. ಎಐ ಬಳಸೋದಾದರೂ ಹೀಗೇ ಬಳಸಿ: ಮೊದಲು ನೀವು ಬರೆಯಿರಿ, ಆಮೇಲೆ ‘ತಪ್ಪು ಎಲ್ಲಿದೆ, ಯಾಕೆ ತಪ್ಪು ಹೇಳು’ ಅಂತ ಕೇಳಿ. ತಿಂಗಳಿಗೊಮ್ಮೆ ಹಳೇ ಪುಟ ತಿರುವಿ ನೋಡಿ. ಯಾವ ತಪ್ಪು ಕಾಣೆಯಾಗಿದೆ, ಯಾವುದು ಇನ್ನೂ ಹಠ ಹಿಡಿದು ಕೂತಿದೆ ಅಂತ ತಿಳಿಯುತ್ತೆ.

ಇದೇ ಮಾತು ನಿಮ್ಮ ಜೊತೆ ಕೆಲಸ ಮಾಡುವ ಹೊರರಾಜ್ಯದವರಿಗೂ ಹೇಳಿ. ಕನ್ನಡ ಮಾತಾಡೋಕೆ ಶುರು ಮಾಡಿದವರಿಗೆ ದಿನಾ ಎರಡು ಸಾಲು ಬರೆಯೋಕೂ ಹೇಳಿ, ನೀವು ತಿದ್ದಿಕೊಡಿ. ‘ನಾಳೆ ಹಲ್ಲಿಗೆ ಹೋಗ್ತೀನಿ’ ಅಂತ ಯಾರಾದರೂ ಅಂದಾಗ ನಾವು ನಕ್ಕು ಸುಮ್ಮನಾಗ್ತೀವಿ. ‘ಹಳ್ಳಿ’ ಅಂತ ಒಮ್ಮೆ ಬರೆದು ತೋರಿಸಿದರೆ ಲಕಾರ ಳಕಾರದ ವ್ಯತ್ಯಾಸ ಅವರಿಗೆ ಕಣ್ಣಿಗೇ ಕಾಣುತ್ತೆ. ಬದಲಿಗೆ ಅವರು ನಿಮ್ಮ ಇಂಗ್ಲಿಷ್ ಐದು ಸಾಲು ಓದಲಿ. ಟೀ ಬ್ರೇಕ್‌ನ ಹತ್ತು ನಿಮಿಷ ಇಬ್ಬರಿಗೂ ಸಾಕು.